ಎರಡು ಸರ್ವರ್, ಎರಡು ‘ಆಯ್ತು’

ಮದುವೆಗೆ ಒಪ್ಪಿಕೊಂಡ ಮರುದಿನ ಬೆಳಿಗ್ಗೆ ಆತ ನನ್ನನ್ನು ‘ನೀವು’ ಅಂದ.

ಅಷ್ಟು ದಿನ ‘ಏ, ಇದೊಂದು ನೋಡೇ’ ಅನ್ನುತ್ತಿದ್ದವನು. ನಾನು ಡಬ್ಲಿನ್ನಿನ ಸ್ಯಾಂಡಿಫರ್ಡಿನ ಆಫೀಸಿಗೆ ಬಂದು, ಒದ್ದೆ ಕೋಟು ಕುರ್ಚಿಗೆ ಹಾಕಿ, ಹೆಡ್‌ಫೋನ್ ಏರಿಸುವಷ್ಟರಲ್ಲಿ ಅತ್ಲೋನಿನ ಆಫೀಸಿನಿಂದ ಅವನ ದನಿ ಬಂತು: ‘ಗುಡ್ ಮಾರ್ನಿಂಗ್. ನೀವು ಸ್ವಲ್ಪ ಫ್ರೀ ಇದ್ದೀರಾ?’ ನನ್ನ ಹಿಂದೆ ಯಾರಾದರೂ ದೊಡ್ಡವರು ಬಂದು ನಿಂತಿದ್ದಾರೇನೋ ಅಂತ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

‘ನೀವಾ?’ ಅಂದೆ.

‘ಫೈಲ್ ಕಾಪಿ ನಿಂತುಹೋಗಿದೆ. ನಿನ್ನೆ ಸಂಜೆಯಿಂದ ಒಂದೂ ಬಂದಿಲ್ಲ.’

ಮದುವೆ ಗೊತ್ತಾದ ಮೇಲೆ ಗಂಡು ಆಡಬೇಕಾದ ಮೊದಲ ಮಾತು ಇದಲ್ಲ. ಬೇರೆ ದಿನವಾಗಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದೆ. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಆ ಶುಕ್ರವಾರ ಮಾತ್ರ ಹುಡುಕಿದರೂ ಸಿಗಲಿಲ್ಲ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಮುಖದ ಮೇಲಿನ ನಗು ಹೇಳಿದ ಮಾತು ಕೇಳುತ್ತಿರಲಿಲ್ಲ. ಕಾಫಿ ಮಷೀನಿನ ಹತ್ತಿರ ಸಿಕ್ಕ ಅಪರಿಚಿತ ಪ್ಲಂಬರನಿಗೂ ಹಲ್ಲು ಕಿಸಿದು ಬಂದಿದ್ದೆ.

ಫೈಲುಗಳ ವಿಷಯ ಹೇಳದೆ ನಮ್ಮ ವಿಷಯ ಹೇಳುವುದಕ್ಕಾಗುವುದಿಲ್ಲ. ನಮ್ಮ ಕಂಪನಿಯದು ದನದ ಡಾಕ್ಟರುಗಳಿಗೆ ಬೇಕಾದ ಸಾಫ್ಟ್‌ವೇರು. ಯಾವ ಊರಿನ ಯಾವ ಹಸುವಿಗೆ ಯಾವಾಗ ಇಂಜೆಕ್ಷನ್, ಯಾವ ಕುದುರೆಗೆ ಕಾಲುನೋವು, ಎಲ್ಲ ನಮ್ಮ ಡೇಟಾಬೇಸಿನಲ್ಲಿರುತ್ತದೆ. ಮುಖ್ಯ ಸರ್ವರ್ ಡಬ್ಲಿನ್ನಿನ ಸ್ಯಾಂಡಿಫರ್ಡಿನಲ್ಲಿ, ನನ್ನ ಸುಪರ್ದಿಯಲ್ಲಿ. ಇನ್ನೊಂದು ದೇಶದ ನಡುಮಧ್ಯದ ಅತ್ಲೋನಿನಲ್ಲಿ, ಅವನ ಸುಪರ್ದಿಯಲ್ಲಿ. ನನ್ನ ಸರ್ವರ್ ತನ್ನೊಳಗೆ ಆದ ಬದಲಾವಣೆಗಳನ್ನೆಲ್ಲ ಚಿಕ್ಕ ಚಿಕ್ಕ ಫೈಲು ಮಾಡಿ ಒಂದು ಫೋಲ್ಡರಿನಲ್ಲಿ ಇಡುತ್ತದೆ. ಅವನ ಸರ್ವರ್ ಆಗಾಗ ಬಂದು, ನಾನು ಪರ್ಮಿಶನ್ ಕೊಟ್ಟ ಅಕೌಂಟಿನ ಹೆಸರು ಹೇಳಿ, ಆ ಫೈಲುಗಳನ್ನು ಕಾಪಿ ಮಾಡಿಕೊಂಡು ಹೋಗಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ನಾಳೆ ನನ್ನದು ಕೆಟ್ಟರೆ ಅವನದು ಎದ್ದು ನಿಲ್ಲಬೇಕು, ಅಷ್ಟೆ ಅದರ ಉದ್ದೇಶ. ಕಾಪಿ ನಿಂತರೆ ಅತ್ಲೋನಿನ ಹಸುಗಳೆಲ್ಲ ನಿನ್ನೆಯಲ್ಲೇ ಉಳಿದುಬಿಡುತ್ತವೆ.

ನಮ್ಮ ಪರಿಚಯವಾದದ್ದು ಈ ಫೈಲುಗಳ ಕೃಪೆಯಿಂದ. ನಾನು ವರ್ಕ್ ಪರ್ಮಿಟ್ ಮೇಲೆ ಬೆಂಗಳೂರಿನಿಂದ ಬಂದವಳು. ಅವನು ಮೈಸೂರಿನಿಂದ ಮಾಸ್ಟರ್ಸ್ ಓದುವುದಕ್ಕೆ ಅತ್ಲೋನಿಗೆ ಬಂದು, ಅಲ್ಲೇ ಕೆಲಸ ಸಿಕ್ಕಿ ಉಳಿದವನು. ಮೊದಲ ದಿನದ ಕರೆಯಲ್ಲಿ ಅರ್ಧ ಗಂಟೆ ಇಬ್ಬರೂ ನೀಟಾಗಿ ಇಂಗ್ಲಿಷಿನಲ್ಲಿ ಮಾತಾಡಿದ ಮೇಲೆ ಅವನ ಕೈ ಜಾರಿ ಟೀ ಚೆಲ್ಲಿ, ‘ಅಯ್ಯೋ ಶಿವನೇ’ ಅಂದ. ಅಲ್ಲಿಂದ ಮುಂದೆ ನಮಗೆ ಇಂಗ್ಲಿಷ್ ಬೇಕಾಗಲಿಲ್ಲ. ಆಮೇಲೆ ತಿಂಗಳಲ್ಲಿ ಒಂದೆರಡು ಶುಕ್ರವಾರ ಅವನು ರೈಲಿನಲ್ಲಿ ಡಬ್ಲಿನ್ನಿಗೆ ಬರತೊಡಗಿದ, ‘ಸರ್ವರ್ ವಿಷಯ ಮಾತಾಡೋಕೆ’ ಅಂತ. ಸರ್ವರಿನ ವಿಷಯ ಒಂದು ಕಾಫಿಯೊಳಗೆ ಮುಗಿಯುತ್ತಿತ್ತು.

ಅವನಲ್ಲಿ ನನ್ನ ತಲೆ ಕೆಡಿಸುವ ಅಭ್ಯಾಸ ಒಂದೇ. ಒಂದು ಪ್ರಶ್ನೆ ಕೇಳುವುದಕ್ಕೆ ಬರುವುದಿಲ್ಲ. ಉಸಿರು ತೆಗೆದುಕೊಂಡು ‘ಹಾಗಾಗಿದ್ರೆ ಹೀಗೆ, ಇಲ್ಲಾಂದ್ರೆ ಹಾಗೆ’ ಅಂತ ಎರಡು ಪ್ರಶ್ನೆ ಜೋಡಿಸಿ ಮುಂದಿಡುತ್ತಾನೆ. ಊಟಕ್ಕೆ ಹೋದರೆ ‘ನಿನಗೆ ಹಸಿವಿಲ್ಲಾಂದ್ರೆ ಸೂಪ್ ಹೇಳ್ತೀನಿ, ಇದ್ರೆ ಪಾಸ್ತಾ ತಿನ್ನೋಣ್ವಾ’ ಅನ್ನುತ್ತಾನೆ. ನಾನೋ, ಯಾರು ಏನು ಕೇಳಲಿ, ‘ಆಯ್ತು’ ಅನ್ನುವವಳು. ನನ್ನ ಬಾಯಲ್ಲಿ ಅದು ಮಾತಿಗಿಂತ ಹೆಚ್ಚಾಗಿ ಉಸಿರಾಟದ ಭಾಗ.

ಗುರುವಾರ ಸಂಜೆ ನಾನು ಲುವಾಸ್ ಟ್ರಾಮಿಗೆ ಕಾಯುತ್ತ ನಿಂತಿದ್ದಾಗ ಅವನ ಫೋನು ಬಂತು. ಮೊದಲು ಏನೋ ಆಫೀಸಿನ ಮಾತಾಡಿದ. ನಾನು ಆಯ್ತು ಅಂದೆ. ಆಮೇಲೆ ಕೆಮ್ಮಿದ. ಮತ್ತೆ ಒಂದೇ ಉಸಿರಿಗೆ ಶುರುಮಾಡಿದ: ‘ಅಲ್ಲ, ನಿಮ್ಮ ಮನೇಲಿ ನೋಡ್ತಿದ್ರಲ್ಲ, ಆ ಲಂಡನ್ ಡೆಂಟಿಸ್ಟು, ಅದು ಫಿಕ್ಸ್ ಆಗಿದ್ರೆ ನಾನು ಇನ್ನು ಬಾಯಿ ತೆಗೆಯಲ್ಲ, ಆಗಿಲ್ಲಾಂದ್ರೆ ನಾವಿಬ್ರು ಮದುವೆ ಆಗೋ ವಿಷಯ ಮಾತಾಡಬಹುದಾ ಅಂತ...’

ಡೆಂಟಿಸ್ಟನಿಗೆ ನಾನು ಯಾವತ್ತೋ ಬೇಡ ಅಂದಾಗಿತ್ತು. ಅವನ ನೆನಪೂ ನನಗಿರಲಿಲ್ಲ. ನನ್ನ ಕಿವಿಗೆ ಬಿದ್ದದ್ದು ‘ನಾವಿಬ್ರು ಮದುವೆ’ ಅನ್ನುವುದು ಮಾತ್ರ. ಟ್ರಾಮು ಗಂಟೆ ಬಾರಿಸುತ್ತ ಬಂದೇಬಿಟ್ಟಿತು. ‘ಆಯ್ತು!’ ಅಂತ ಕೂಗಿ, ನಾಚಿಕೆಗೆ ಫೋನು ಕಟ್ ಮಾಡಿ, ಒಳಗೆ ಹಾರಿದೆ.

ಆ ಪ್ರಯಾಣ ನನಗೆ ಸರಿಯಾಗಿ ನೆನಪಿಲ್ಲ. ಕಿಟಕಿಯ ಗಾಜು ನೋಡಿಕೊಂಡು ನಗುತ್ತಿದ್ದೆ ಅನ್ನುವುದು ಎದುರು ಸೀಟಿನ ಅಜ್ಜಿ ಹೇಳಿದ ಮೇಲೆ ಗೊತ್ತಾಯಿತು. ‘ಏನೋ ಒಳ್ಳೆ ಸುದ್ದಿ ಇರಬೇಕು, ಮಗೂ’ ಅಂದರು. ಹೌದು ಅಂದೆ. ಇಳಿಯಬೇಕಾದ ಸ್ಟಾಪು ದಾಟಿಹೋಗಿತ್ತು. ಮಳೆಯಲ್ಲಿ ವಾಪಸ್ಸು ನಡೆದೆ. ದಾರಿಯಲ್ಲಿ ಅವನ ಮೆಸೇಜು ಬಂತು: ‘ತುಂಬಾ ಸಂತೋಷ. ಒಳ್ಳೆಯದಾಗಲಿ.’

ಓದಿ ಜೋರಾಗಿ ನಕ್ಕೆ. ಮದುವೆ ಗಂಡೇ ಆರತಕ್ಷತೆಗೆ ಬಂದ ಹಿರಿಯರ ಹಾಗೆ ಹರಸುತ್ತಿದ್ದಾನಲ್ಲ! ಮೈಸೂರಿನವರ ಸಂಕೋಚ ಅಂದರೆ ಇದು ಅಂದುಕೊಂಡು, ಮೂರು ಹೃದಯದ ಗುರುತು ಕಳಿಸಿದೆ. ಅವನಿಂದ ಬಂದದ್ದು ಕೈಮುಗಿದ ಗುರುತು. ಅದೂ ನನಗೆ ಮುದ್ದಾಗಿಯೇ ಕಂಡಿತು.

ಹಾಗಾಗಿ ಬೆಳಿಗ್ಗೆಯ ‘ನೀವು’ಗೂ ನಾನೇ ಒಂದು ಅರ್ಥ ಕಟ್ಟಿಕೊಂಡೆ. ಮೈಸೂರಿನಲ್ಲಿ ಮದುವೆ ಗೊತ್ತಾದ ಮೇಲೆ ಹುಡುಗಿಗೆ ಮರ್ಯಾದೆ ಕೊಡುತ್ತಾರೇನೋ, ಒಳ್ಳೆ ಪದ್ಧತಿ, ಬೆಂಗಳೂರಿನವರು ಕಲಿಯಬೇಕು. ‘ನಾವು ಫ್ರೀ ಇದ್ದೀವಿ, ನೀವು ಹೇಳಿ’ ಅಂತ ನಾನೂ ರಾಗವಾಗಿ ಅಂದೆ. ಅವನು ನಗಲಿಲ್ಲ.

ಅಷ್ಟರಲ್ಲಿ ನಮ್ಮ ಬಾಸ್ ಕರೆಗೆ ಸೇರಿಕೊಂಡರು. ಕೆರ್ರಿ ಕಡೆಯ ಐರಿಷ್ ಮನುಷ್ಯ, ನಿವೃತ್ತಿಗೆ ಹತ್ತಿರವಾದವರು, ನನ್ನ ಎದುರಿನ ಮೇಜಿನಲ್ಲೇ ಕೂರುತ್ತಾರೆ. ಎಲ್ಲಕ್ಕೂ ಅವರದು ‘ಗ್ರ್ಯಾಂಡ್’. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಚಕ್ಕುಲಿ ಡಬ್ಬ ಹಿಡಿದು ‘ತಗೋತೀರಾ?’ ಅಂದರೆ ‘ಐ ಆಮ್ ಗ್ರ್ಯಾಂಡ್’ ಅಂದಿದ್ದರು. ಗ್ರ್ಯಾಂಡ್ ಅಂದರೆ ಭರ್ಜರಿ ತಾನೆ ಅಂತ ಅವರ ಮುಂದೆ ಒಂದು ರಾಶಿ ಚಕ್ಕುಲಿ ಸುರಿದೆ. ಆ ‘ಗ್ರ್ಯಾಂಡ್’ ಅಂದರೆ ‘ನನಗೆ ಬೇಡಮ್ಮ’ ಅಂತ ಅರ್ಥವೆಂದು ಮುಂದೆ ಎಷ್ಟೋ ದಿನದ ಮೇಲೆ ತಿಳಿಯಿತು. ಪಾಪ, ಮಾತಾಡದೆ ಅಷ್ಟನ್ನೂ ತಿಂದಿದ್ದರು.

ಮೂವರೂ ಹುಡುಕಲು ಕೂತೆವು. ನನ್ನ ಸರ್ವರ್ ಫೈಲು ಬರೆಯುತ್ತಿದೆಯಾ? ಬರೆಯುತ್ತಿದೆ, ಫೋಲ್ಡರಿನಲ್ಲಿ ಬಿಸಿಬಿಸಿ ಫೈಲುಗಳು ಸಾಲಾಗಿ ಕೂತಿವೆ. ಅತ್ಲೋನಿನ ಡಿಸ್ಕಿನಲ್ಲಿ ಜಾಗ ಇದೆಯಾ? ಬೇಕಾದಷ್ಟಿದೆ. ನೆಟ್‌ವರ್ಕ್? ಅದೂ ಸರಿಯಿದೆ. ಬಾಸ್ ತಮ್ಮ ಒಂದೇ ಮಂತ್ರ ಹೇಳಿದರು, ರೀಸ್ಟಾರ್ಟ್ ಮಾಡಿ ಅಂತ. ಮಾಡಿದೆವು. ಪರದೆಯ ಮೇಲೆ ಮತ್ತೆ ಅದೇ ಕೆಂಪು ಸಾಲು ಬಂತು: ಪ್ರವೇಶ ನಿರಾಕರಿಸಲಾಗಿದೆ.

‘ನೀವೊಂದು ಫೈಲ್ ಕೈಯಲ್ಲೇ ಕಾಪಿ ಮಾಡಿ ನೋಡಿ’ ಅಂದೆ, ಇನ್ನೂ ಆ ಬಹುವಚನದ ಆಟದಲ್ಲೇ ಇದ್ದು.

ಮಾಡಿದ. ಫೈಲು ಹೋಗಿ ಅತ್ಲೋನಿನಲ್ಲಿ ಕೂತಿತು. ಅಂದರೆ ದಾರಿಯಲ್ಲಿ ಏನೂ ತೊಂದರೆಯಿಲ್ಲ. ಅವನು ಬಂದರೆ ಬಾಗಿಲು ತೆರೆಯುತ್ತದೆ. ಅವನ ಸರ್ವರ್ ಬಂದರೆ ಮುಖಕ್ಕೆ ಬಡಿಯುತ್ತದೆ.

‘ಪರ್ಮಿಶನ್ ಪ್ರಾಬ್ಲಮ್ ಇರಬಹುದಾ?’ ಅಂದರು ಬಾಸ್.

‘ಸಾಧ್ಯವೇ ಇಲ್ಲ’ ಅಂತ ಅವನು ಮತ್ತು ನಾನು ಒಟ್ಟಿಗೇ ಅಂದೆವು. ನಾನಂತೂ ನಿನ್ನೆಯಿಂದ ಆ ಫೋಲ್ಡರಿನ ಪರ್ಮಿಶನ್ ಮುಟ್ಟೇ ಇರಲಿಲ್ಲ. ಮುಟ್ಟದೇ ಇದ್ದದ್ದು ಹೇಗೆ ಕೆಡುತ್ತದೆ? ಇಬ್ಬರೂ ಸೇರಿ ತಪ್ಪನ್ನು ವೈರಸ್ ತಡೆಯುವ ಸಾಫ್ಟ್‌ವೇರಿನ ತಲೆಗೆ ಕಟ್ಟಿದೆವು. ಅದನ್ನು ಆರಿಸಿದೆವು, ಹಚ್ಚಿದೆವು, ಬೈದೆವು. ಏನೂ ಆಗಲಿಲ್ಲ. ಮಧ್ಯಾಹ್ನ ಬಂತು. ನಾನು ಒಳಗೊಳಗೇ ಹಾಡು ಗುನುಗುತ್ತಿದ್ದೆ. ಅತ್ಲೋನಿನಲ್ಲಿ ಹಸುಗಳು ಇನ್ನೂ ಗುರುವಾರದಲ್ಲೇ ಮೇಯುತ್ತಿದ್ದವು.

‘ಸಂಜೆ ರೈಲಿಗೆ ಬರ್ತೀರಿ ತಾನೆ?’ ಅಂದೆ ಮೆಲ್ಲಗೆ.

‘ಇಲ್ಲ. ಇದು ಹೀಗಿರೋವಾಗ ಬರೋಕಾಗಲ್ಲ. ಇನ್ಮೇಲೆ ಬರೋದೂ ಸರಿಯಲ್ಲ, ಅಲ್ವಾ?’

ಸರಿಯಲ್ಲವಾ? ಮದುವೆಗೆ ಮುಂಚೆ ಹುಡುಗಿಯನ್ನು ನೋಡಬಾರದು ಅನ್ನುವ ಪದ್ಧತಿಯೂ ಇದೆಯಾ ಮೈಸೂರಿನಲ್ಲಿ? ಈ ಸಲ ನನಗೆ ನಗು ಬರಲಿಲ್ಲ. ಮೂಗಿನ ತುದಿ ಬಿಸಿಯಾಯಿತು.

ಅವನು ಒಂದು ಲೋಟ ನೀರಿಗೆ ಎದ್ದುಹೋದಾಗ ಬಾಸ್ ಮೇಜಿನಾಚೆಯಿಂದ ಬಗ್ಗಿದರು. ‘ನಿಮ್ಮಿಬ್ಬರ ಮಧ್ಯೆ ಏನಾದರೂ ಜಗಳವಾ? ಸೋಮವಾರದಿಂದ ತನ್ನನ್ನು ಕಾರ್ಕ್ ಊರಿನ ತಂಡದ ಕೆಲಸಕ್ಕೆ ಹಾಕಿ, ಈ ಸರ್ವರನ್ನು ಬೇರೆ ಯಾರಿಗಾದರೂ ಕೊಡಿ ಅಂತ ಬೆಳಿಗ್ಗೆ ಕೇಳಿದ. ಕಾರಣ ಹೇಳಲಿಲ್ಲ. ಸಂಜೆಯೊಳಗೆ ನಾನು ಅವನಿಗೆ ಉತ್ತರ ಹೇಳಬೇಕು.’

ನಿನ್ನೆ ಮದುವೆಯಾಗೋಣವಾ ಅಂದವನು ಇವತ್ತು ನನ್ನ ಜೊತೆ ಫೈಲು ಕಾಪಿ ಮಾಡುವುದಕ್ಕೂ ಒಲ್ಲೆ ಅನ್ನುತ್ತಿದ್ದಾನೆ. ರಾತ್ರಿ ಕಳೆಯುವಷ್ಟರಲ್ಲಿ ಮನಸ್ಸು ಬದಲಾಯಿತೇ? ಹೃದಯದ ಗುರುತು ಮೂರು ಹೆಚ್ಚಾಯಿತೇ? ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು, ಸಿಟ್ಟು ಗೆದ್ದಿತು. ಅವನು ವಾಪಸ್ಸು ಬಂದಾಗ ನಾನು ಪೊಲೀಸರ ಹಾಗೆ ವಿಚಾರಣೆ ಶುರುಮಾಡಿದೆ.

‘ಕಾಪಿ ಜಾಬು ಯಾವ ಅಕೌಂಟಲ್ಲಿ ಓಡ್ತಾ ಇದೆ?’

‘ಹೊಸದ್ರಲ್ಲಿ.’

‘ಹೊಸದ್ರಲ್ಲಾ? ಯಾವಾಗಿಂದ?’

‘ನಿನ್ನೆ ಸಂಜೆಯಿಂದ. ನಿಮ್ಮ ಜೊತೆ ಮಾತಾಡಿದ ತಕ್ಷಣ ಬದಲಾಯಿಸಿದೆ.’

‘ಹೊಸ ಅಕೌಂಟಿಗೆ ನಾನಿನ್ನೂ ಪರ್ಮಿಶನ್ನೇ ಕೊಟ್ಟಿಲ್ವಲ್ಲ!’

‘ಕೊಟ್ಟಿಲ್ವಾ?’ ಅವನ ದನಿಯಲ್ಲಿ ಬೆಳಿಗ್ಗೆಯಿಂದ ಮೊದಲ ಸಲ ಜೀವ ಬಂತು. ‘ನಾನು ಕೇಳಿದೆನಲ್ಲ! ಪರ್ಮಿಶನ್ ಕೊಟ್ಟಾಗಿದ್ರೆ ಇವತ್ತೇ ಬದಲಾಯಿಸಿಬಿಡ್ತೀನಿ, ಇಲ್ಲಾಂದ್ರೆ ನೀನು ಮನೆಗೆ ಹೋಗಿ ಕೊಟ್ಬಿಡು ಅಂತ. ನೀವೇ ಆಯ್ತು ಅಂದ್ರಿ.’

‘ಆಯ್ತು ಅಂದ್ರೆ ಕೊಡ್ತೀನಿ ಅಂತ!’

‘ಆಯ್ತು ಅಂದ್ರೆ ಕೊಟ್ಟಾಯ್ತು ಅಂತ!’

ಕೆಲಸ ಮುಗಿದರೂ ಆಯ್ತು, ಕೆಲಸ ಇನ್ನು ಶುರುವಾಗಬೇಕಾದರೂ ಆಯ್ತು. ಹುಟ್ಟಿದಾಗಿನಿಂದ ಆಡುತ್ತಿರುವ ಮಾತು, ಅದಕ್ಕೆ ಎರಡು ಮುಖ ಇವೆ ಅಂತ ಒಂದು ದಿನವೂ ಹೊಳೆದಿರಲಿಲ್ಲ. ಮನೆಗೆ ಹೋಗಿ ಪರ್ಮಿಶನ್ ಕೊಡಬೇಕಾಗಿದ್ದ ನಾನು ಮದುವೆಯ ಮಾತು ಕೇಳಿ ಅದನ್ನು ಪೂರ್ತಿ ಮರೆತು, ಸ್ಟಾಪು ದಾಟಿ, ಮಳೆಯಲ್ಲಿ ನೆನೆದು, ಹೃದಯ ಕಳಿಸುತ್ತ ಕೂತಿದ್ದೆ. ಬೇಗ ಬೇಗ ಆ ಹೊಸ ಅಕೌಂಟಿನ ಹೆಸರು ಫೋಲ್ಡರಿಗೆ ಸೇರಿಸಿದೆ. ಸೇರಿಸಿದ ಬೆರಳು ಕೀಬೋರ್ಡಿನ ಮೇಲೇ ನಿಂತಿತು.

ನಿನ್ನೆ ನಾನು ಆಯ್ತು ಅಂದದ್ದು ಒಂದು ಸಲವಲ್ಲ.

ಡೆಂಟಿಸ್ಟು ಫಿಕ್ಸ್ ಆಗಿದ್ರೆ ನಾನು ಇನ್ನು ಬಾಯಿ ತೆಗೆಯಲ್ಲ, ಆಗಿಲ್ಲಾಂದ್ರೆ. ಆಯ್ತು!

‘ನಿಂತ್ಕೋ, ನಿಂತ್ಕೋ’ ಅಂದೆ. ಬಹುವಚನ ಎಲ್ಲಿ ಹೋಯಿತೋ. ‘ನಿನ್ನೆ ನಾನು ಎರಡು ಸಲ ಆಯ್ತು ಅಂದೆ. ಎರಡನೇದು ನಿನಗೇನಂತ ಕೇಳಿಸ್ತು?’

ಬಾಸ್ ನನ್ನ ಮುಖ, ಪರದೆ ಎರಡನ್ನೂ ನೋಡುತ್ತ ಕೂತಿದ್ದರು.

‘ಡೆಂಟಿಸ್ಟ್ ಜೊತೆ ಫಿಕ್ಸ್ ಆಯ್ತು ಅಂತ’ ಅಂದ ಕೊನೆಗೆ.

‘ಅಯ್ಯೋ ಕತ್ತೇ!’

ಇಡೀ ಮಹಡಿ ತಿರುಗಿ ನೋಡಿತು. ನಾನು ಹಣೆ ಚಚ್ಚಿಕೊಂಡೆ, ನಕ್ಕೆ, ಕಣ್ಣಲ್ಲಿ ನೀರು ಬಂತು, ಮತ್ತೆ ನಕ್ಕೆ. ಒಳ್ಳೆಯದಾಗಲಿ ಅಂತ ಹರಸಿದ್ದು, ಕೈಮುಗಿದದ್ದು, ನೀವು ಅಂದದ್ದು, ಇನ್ನೊಬ್ಬನಿಗೆ ಗೊತ್ತಾದ ಹುಡುಗಿಯ ಜೊತೆ ಶುಕ್ರವಾರದ ಕಾಫಿ ಸರಿಯಲ್ಲ ಅಂತ ರೈಲು ಬಿಟ್ಟದ್ದು, ಕಾರ್ಕಿಗೆ ಓಡುವುದಕ್ಕೆ ಹೊರಟದ್ದು. ರಾತ್ರಿಯೆಲ್ಲ ನಾನು ಕುಣಿಯುತ್ತಿದ್ದಾಗ ಈ ಬಡಪಾಯಿ ನನ್ನನ್ನು ಡೆಂಟಿಸ್ಟನಿಗೆ ಧಾರೆಯೆರೆದು ಕೊಟ್ಟು ಕೂತಿದ್ದ. ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಕೈಗೆ ಸಿಕ್ಕಿದ್ದರೆ ಎರಡು ಬಾರಿಸುತ್ತಿದ್ದೆ.

‘ಏನದು, ಫೈರ್‌ವಾಲಾ?’ ಅಂತ ಬಾಸ್ ಗಂಭೀರವಾಗಿ ಕೇಳಿದರು.

‘ಅಲ್ಲ, ಪರ್ಮಿಶನ್ನೇ’ ಅಂದೆ ಇಂಗ್ಲಿಷಿನಲ್ಲಿ. ‘ಒಂದನ್ನ ನಾನು ಕೊಟ್ಟಿರಲಿಲ್ಲ, ಇವನು ಕೊಟ್ಟಿದ್ದಾಳೆ ಅಂದ್ಕೊಂಡ. ಇನ್ನೊಂದನ್ನ ಕೊಟ್ಟಿದ್ದೆ, ಇಲ್ಲ ಅಂದ್ಕೊಂಡ.’

ಅತ್ಲೋನಿನಿಂದ ಕುರ್ಚಿ ಬಿದ್ದ ಸದ್ದು ಕೇಳಿಸಿತು.

‘ಇನ್ನೊಂದನ್ನ ಕೊಟ್ಟಿದ್ದೆಯಾ?’ ಅಂದ ಕನ್ನಡದಲ್ಲಿ. ‘ಅಂದ್ರೆ, ಡೆಂಟಿಸ್ಟು ಇಲ್ಲಾಂದ್ರೆ ನಾನು, ನಾನಾಗಿದ್ರೆ...’

‘ಬಾಯಿ ಮುಚ್ಚು’ ಅಂದೆ. ‘ಜೋಡಿ ಪ್ರಶ್ನೆ ಸಾಕು. ಸಂಜೆ ರೈಲಿಗೆ ಬಾ. ಎದುರಿಗೆ ನಿಂತು ಕೇಳು. ಒಂದೇ ಪ್ರಶ್ನೆ.’

‘ಆಯ್ತು.’

‘ಯಾವ ಆಯ್ತು?’

‘ಬರ್ತೀನಿ ಕಣೇ!’

ಅಷ್ಟರಲ್ಲಿ ಪರದೆಯ ಮೇಲೆ ಕೆಂಪು ಸಾಲು ಹೋಗಿ ಹಸಿರು ಬಂತು. ನಿನ್ನೆ ಸಂಜೆಯಿಂದ ಬಾಗಿಲಲ್ಲಿ ಕಾದಿದ್ದ ಫೈಲುಗಳು ಒಂದರ ಹಿಂದೊಂದು ಅತ್ಲೋನಿಗೆ ಓಡತೊಡಗಿದವು. ಹಸುಗಳು ಶುಕ್ರವಾರಕ್ಕೆ ಬಂದವು. ಬಾಸ್ ಕೈ ಉಜ್ಜಿಕೊಂಡು ‘ಗ್ರ್ಯಾಂಡ್’ ಅಂದರು. ಆಮೇಲೆ ಏನೋ ನೆನಪಾದವರಂತೆ ಮೈಕಿಗೆ ಬಗ್ಗಿ, ‘ಸೋಮವಾರದಿಂದ ಕಾರ್ಕ್ ತಂಡ ಅಂದಿದ್ದೆಯಲ್ಲ, ಹಾಕಿಬಿಡಲೇ?’ ಅಂತ ಕೇಳಿದರು.

‘ನೋ ನೋ, ಐ ಆಮ್ ಗ್ರ್ಯಾಂಡ್’ ಅಂದ ಅವನು. ಆ ಪದವನ್ನು ಅಷ್ಟು ಸರಿಯಾಗಿ ಐರಿಷರೂ ಬಳಸಿದ್ದು ನಾನು ಕೇಳಿಲ್ಲ.

ಬಾಸ್ ಹೆಡ್‌ಫೋನ್ ತೆಗೆದಿಟ್ಟು ನನ್ನ ಕಡೆ ನೋಡಿದರು. ಬೆಳಿಗ್ಗೆಯಿಂದ ಆ ಒಂದು ಪದ ಎಷ್ಟು ಸಲ ಕಿವಿಗೆ ಬಿದ್ದಿತ್ತೋ, ‘ಈ ಆಯ್ತು ಅಂದರೇನು?’ ಅಂದರು. ನಿಮ್ಮ ಗ್ರ್ಯಾಂಡ್ ಇದ್ದ ಹಾಗೆ ಅಂದೆ. ‘ಅಯ್ಯೋ ದೇವರೇ, ಹಾಗಾದರೆ ಅದನ್ನು ನಂಬುವ ಹಾಗಿಲ್ಲ’ ಅಂದು, ಬೇಗ ಮನೆಗೆ ಹೋಗು ಅಂತ ಕೈಬೀಸಿದರು. ಅವರಿಗೆ ಎಷ್ಟು ಅರ್ಥವಾಗಿತ್ತೋ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಲುವಾಸಿನ ಗ್ರೀನ್ ಲೈನಿನಲ್ಲಿ ಪೇಟೆಗೆ ಬಂದು, ರೆಡ್ ಲೈನ್ ಹಿಡಿದು, ಹ್ಯೂಸ್ಟನ್ ರೈಲು ನಿಲ್ದಾಣ ಮುಟ್ಟಿದಾಗ ಅವನ ರೈಲು ಬರುವುದಕ್ಕೆ ಇನ್ನೂ ಬಹಳ ಹೊತ್ತಿತ್ತು. ನಿಂತೆ, ಕೂತೆ, ಒಂದು ಬನ್ನು ಕೊಂಡು ತಿನ್ನದೆ ಕೈಯಲ್ಲೇ ಪುಡಿ ಮಾಡಿದೆ. ಪಾರಿವಾಳಗಳಿಗೆ ಹಬ್ಬವಾಯಿತು. ದಾರಿಯುದ್ದಕ್ಕೂ ಹಾರುತ್ತಿದ್ದ ಮನಸ್ಸಿಗೆ ಅಲ್ಲಿ ಇದ್ದಕ್ಕಿದ್ದಂತೆ ಭಯವಾಯಿತು. ಆ ಕೆಂಪು ಸಾಲು ಬಾರದೇ ಇದ್ದಿದ್ದರೆ? ನಾನು ನೆನಪಿಟ್ಟುಕೊಂಡು ಮನೆಗೆ ಹೋಗಿ ನೀಟಾಗಿ ಪರ್ಮಿಶನ್ ಕೊಟ್ಟುಬಿಟ್ಟಿದ್ದರೆ? ಫೈಲುಗಳು ತಮ್ಮ ಪಾಡಿಗೆ ಹೋಗುತ್ತಿದ್ದವು, ಅವನು ಸೋಮವಾರ ಕಾರ್ಕ್ ತಂಡಕ್ಕೆ ಹೋಗುತ್ತಿದ್ದ, ನಾನು ಗಂಡಸರ ಜಾತಿಯನ್ನೇ ಬೈದುಕೊಂಡು ಕೂರುತ್ತಿದ್ದೆ. ಇಬ್ಬರೂ ಬಿಗುಮಾನದವರು, ಯಾಕೆ ಅಂತ ಒಬ್ಬರೂ ಕೇಳುತ್ತಿರಲಿಲ್ಲ.

ರೈಲು ಬಂತು. ಗೇಟಿನಾಚೆ ಅವನು ಓಡಿ ಬರುತ್ತಿದ್ದ, ಕೋಟಿನ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡು. ಟಿಕೆಟ್ ತೋರಿಸುವುದಕ್ಕೆ ಜೇಬೆಲ್ಲ ತಡಕಿದ. ಹಿಂದಿನವರು ಗೊಣಗಿದರು. ಕೊನೆಗೆ ನನ್ನ ಎದುರು ಬಂದು ನಿಂತು, ಎದೆ ತುಂಬ ಉಸಿರೆಳೆದುಕೊಂಡ. ಆ ಉಸಿರು ನನಗೆ ಗೊತ್ತು, ಅದರಲ್ಲಿ ಎರಡು ಪ್ರಶ್ನೆ ಹಿಡಿಸುತ್ತವೆ. ಬೆರಳೆತ್ತಿ ‘ಒಂದು’ ಅಂತ ತೋರಿಸಿದೆ. ಅರ್ಧ ಉಸಿರು ಹೊರಗೆ ಬಿಟ್ಟ.

‘ನನ್ನನ್ನ ಮದುವೆ ಆಗ್ತೀಯಾ?’

ಬಾಯಿಗೆ ಆಯ್ತು ಬಂದೇಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡೆ. ಆಯ್ತು ಅನ್ನುವ ಮಾತಿನಲ್ಲಿ ಯಾರೂ ಇಲ್ಲ; ಅದರಲ್ಲಿ ನಾನೂ ಇಲ್ಲ, ಅವನೂ ಇಲ್ಲ, ಏನೋ ಎಲ್ಲೋ ತಾನಾಗಿ ಆಗಿಹೋಗುತ್ತದೆ, ಅಷ್ಟೆ. ಇಷ್ಟು ವರ್ಷ ಅಮ್ಮನಿಗೆ, ಅಪ್ಪನಿಗೆ, ಬಾಸಿಗೆ, ಬದುಕಿಗೆ ಅದನ್ನೇ ಹೇಳಿಕೊಂಡು ಬಂದಿದ್ದೆ. ಈ ಒಂದಕ್ಕೆ ಅದು ಸಾಲದು ಅನ್ನಿಸಿತು.

‘ಆಗ್ತೀನಿ’ ಅಂದೆ. ‘ನಾನು ಆಗ್ತೀನಿ.’